ಕಾಕಾ ಬಾಯಿಗಿಡದ ಪೈಪು

ವಾಸನೆ ಬರಲಿಲ್ಲ. ಹೆಬ್ಬೆರಳಿನಿಂದ ಇನ್ನೊಮ್ಮೆ ಜೋರಾಗಿ ಉಜ್ಜಿ ಮೂಗಿನ ಹತ್ತಿರ ಹಿಡಿದೆ. ಆಗಲೂ ಬರಲಿಲ್ಲ. ನವಿ ಮುಂಬಯಿಯ ಮಹಾಪೆಯಲ್ಲಿ ನಮ್ಮ ಆಫೀಸಿನ ಕಟ್ಟಡದ ಕೆಳಗೆ ಆಗಾಗ ಸ್ಟಾಲುಗಳನ್ನು ಹಾಕುತ್ತಾರೆ. ಉಪ್ಪಿನಕಾಯಿ, ಸೀರೆ, ಮೊಬೈಲಿನ ಕವರು, ಹಿತ್ತಾಳೆಯ ಸಾಮಾನು. ಮೊನ್ನೆ ಅಂಥದ್ದೊಂದು ಸ್ಟಾಲಿನಲ್ಲಿ ದಿಕ್ಸೂಚಿ, ಹಡಗಿನ ಗಂಟೆಗಳ ನಡುವೆ ಒಂದು ತಂಬಾಕಿನ ಪೈಪು ಕೂತಿತ್ತು. ಅದರ ಮೈಮೇಲೆ ದೊಡ್ಡದಾಗಿ ಲಂಡನ್ ಎಂದು ಅಚ್ಚು. “ಆಂಟೀ, ಒರಿಜಿನಲ್ ಹೈ, ಅಂಗ್ರೇಜೋಂ ಕೇ ಜಮಾನೇ ಕಾ,” ಎಂದ ಸ್ಟಾಲಿನವನು. ಬ್ರಿಟಿಷರ ಕಾಲದ ಅಸಲಿ ಮಾಲಂತೆ. ಅವನು ಬಾಯಿ ಬಿಡುವ ಮೊದಲು ನನಗೆ ಬರೀ ಅನುಮಾನವಿತ್ತು. ಬಿಟ್ಟ ಮೇಲೆ ಖಾತ್ರಿಯಾಯಿತು.

ಬಾಯಿಗಿಡುವ ಆ ಕರಿ ಕೊಳವೆ ಇದೆಯಲ್ಲ, ಹಳೆಯ ಒಳ್ಳೆಯ ಪೈಪುಗಳಲ್ಲಿ ಅದು ಎಬೊನೈಟಿನದು, ಅಂದರೆ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರು. ಉಜ್ಜಿದರೆ ಕಡ್ಡಿ ಗೀರಿದಂಥ ವಾಸನೆ ಬರಬೇಕು. ಬರದಿದ್ದರೆ ಪ್ಲಾಸ್ಟಿಕ್. ಒಂದು ದಿನವೂ ಹೊಗೆ ಕುಡಿಯದ ನನ್ನಂಥವಳಿಗೆ ಇದೆಲ್ಲ ಹೇಗೆ ಗೊತ್ತು ಎಂದು ಜೊತೆಗಿದ್ದ ಸಹೋದ್ಯೋಗಿ ಕಣ್ಣರಳಿಸಿದಳು. ಕಲಿಸಿದವರೂ ಒಂದು ದಿನ ಹೊಗೆ ಕುಡಿದವರಲ್ಲ ಎಂದೆ. ಅವಳು ನಂಬಲಿಲ್ಲ. ಪೈಪನ್ನು ಅಲ್ಲಿಯೇ ಇಟ್ಟು ಲಿಫ್ಟಿನ ಕಡೆ ನಡೆದೆ. ಮನಸ್ಸು ಮಾತ್ರ ಮೇಲಕ್ಕೆ ಬರದೆ ನಾನು ಬೆಳೆದ ಡೊಂಬಿವಲಿಯ ಹಳೆಯ ಬಿಲ್ಡಿಂಗಿಗೆ ಹೋಯಿತು…

ನಮ್ಮ ಪಕ್ಕದ ಮನೆಯ ಕಾಕಾ ಧಾರವಾಡದ ಕಡೆಯವರು. ನಾವು ಉಡುಪಿಯ ಕಡೆಯವರು. ನಮ್ಮ ಮನೆಯೊಳಗೆ ತುಳು, ಅವರ ಮನೆಯೊಳಗೆ ಗಂಡುಮೆಟ್ಟಿನ ಕನ್ನಡ, ನಡುವಿನ ಗೋಡೆ ಎಷ್ಟು ತೆಳುವೆಂದರೆ ಅವರ ಮನೆಯ ಒಗ್ಗರಣೆಗೆ ನಾವು ಸೀನುತ್ತಿದ್ದೆವು. ಕಾಕಾ ಕಲ್ಯಾಣದ ಹತ್ತಿರ ಶಹಾಡಿನ ಒಂದು ಕಾರ್ಖಾನೆಯಲ್ಲಿ ಒಳಬರುವ ಮಾಲನ್ನು ಪರೀಕ್ಷಿಸುವ ಕೆಲಸ ಮಾಡಿ ನಿವೃತ್ತರಾಗಿದ್ದರು. ಬೋಲ್ಟು ಬರಲಿ, ಬೆಲ್ಟು ಬರಲಿ, ಮೊದಲು ಕಳ್ಳ ಮಾಲು ಎಂದೇ ತಿಳಿದು ನೋಡುವುದು ಅವರ ಕೆಲಸವಾಗಿತ್ತು. ಕೆಲಸ ಬಿಟ್ಟರೂ ಚಾಳಿ ಬಿಡಲಿಲ್ಲ. ಹಾಲಿನವನ ಹಾಲಿಗೆ ಬೆರಳದ್ದಿ ಗೋಡೆಯ ಮೇಲೆ ಇಳಿಯಬಿಟ್ಟು ನೋಡುವರು. ಕೊಂಕಣದ ಮಾವು ಎಂದು ಯಾರಾದರೂ ಪೆಟ್ಟಿಗೆ ತಂದರೆ ಹಣ್ಣಿಗಿಂತ ಮೊದಲು ಪೆಟ್ಟಿಗೆಯ ಹುಲ್ಲನ್ನು ಮೂಸುವರು. ಬಿಲ್ಡಿಂಗಿಗೆ ಯಾವ ಹುಡುಗಿಯನ್ನು ನೋಡಲು ವರ ಬಂದರೂ ಜಿನೆಯ ಮೆಟ್ಟಿಲಲ್ಲಿ ನಿಂತು ಅವನ ಬೂಟಿನ ಹಿಮ್ಮಡಿ ಗಮನಿಸುವರು. “ಮುಂದ ಪಾಲೀಶ್ ಎಲ್ಲಾರೂ ಹಚ್ಚತಾರವಾ, ಹಿಂದ ನೋಡಬೇಕು,” ಎನ್ನುತ್ತಿದ್ದರು. ನನ್ನ ಅಮ್ಮ ಅವರಿಗೆ ಬೆನ್ನ ಹಿಂದೆ ಸಂಶಯ ಪಿಶಾಚಿ ಎಂದು ಹೆಸರಿಟ್ಟಿದ್ದಳು. ಆದರೆ ಹೊಸ ಸೀರೆ ತಂದಾಗ ರೇಷ್ಮೆ ಹೌದೋ ಅಲ್ಲವೋ ಎಂದು ಕೇಳಲು ಮೊದಲು ಓಡುತ್ತಿದ್ದದ್ದು ಅದೇ ಪಿಶಾಚಿಯ ಬಳಿಗೆ.

ಪೈಪಿನ ಹುಚ್ಚು ಅವರಿಗೆ ಹತ್ತಿದ್ದು ಕಾರ್ಖಾನೆಯಿಂದಲೇ. ಯಂತ್ರ ಕೂರಿಸಲು ಬಂದಿದ್ದ ಒಬ್ಬ ವಿದೇಶಿ ಇಂಜಿನಿಯರ್ ಊರಿಗೆ ಮರಳುವಾಗ ತನ್ನ ಬಳಿ ಇದ್ದ ಹೊಸ ಪೈಪೊಂದನ್ನು ಕಾಕಾನಿಗೆ ಕಾಣಿಕೆಯಾಗಿ ಕೊಟ್ಟಿದ್ದ. ಸಂಧ್ಯಾವಂದನೆ ಬಿಡದ ಮನುಷ್ಯನಿಗೆ ಪೈಪು! ಬಾಯಿಗಿಡುವ ಮಾತೇ ಇರಲಿಲ್ಲ. ಬಿಸಾಡಲೂ ಮನಸ್ಸಾಗಲಿಲ್ಲ. ಹಾಗಾಗಿ ಕಾಕಾ ತಮಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದರು. ಅದು ಅಸಲಿಯೋ ನಕಲಿಯೋ ಎಂದು ಪರೀಕ್ಷಿಸಲು ಕೂತರು. ಪುಸ್ತಕ ತರಿಸಿದರು, ಮುಂಬಯಿಯ ಹಳೇ ಸಾಮಾನಿನ ಬಜಾರು ಸುತ್ತಿದರು, ಅಂಗಡಿಯವರ ಜೊತೆ ಜಗಳ ಆಡಿದರು. ಕೆಲವು ವರ್ಷಗಳಲ್ಲಿ ಠಾಣೆ, ಕಲ್ಯಾಣದ ಶೋಕಿಲಾಲರೆಲ್ಲ ತಮ್ಮ ಪೈಪು ಹಿಡಿದುಕೊಂಡು ಭಾನುವಾರ ನಮ್ಮ ಮಹಡಿ ಹತ್ತತೊಡಗಿದರು.

ಅವರನ್ನು ಕಾಕಾ ಮನೆಯೊಳಗೆ ಕೂರಿಸುತ್ತಿರಲಿಲ್ಲ. ಕೂರಿಸಲು ಅವರ ಹೆಂಡತಿ ಕಾಕೂ ಬಿಡುತ್ತಿರಲಿಲ್ಲ. ಪೈಪು ಅಂದರೆ ಯಾರದೋ ಎಂಜಲು. ಅಡುಗೆಮನೆಯ ಗಾಳಿಗೂ ಅದು ತಾಗಬಾರದು. ಬಾಗಿಲ ಹೊರಗಿನ ಗ್ಯಾಲರಿಯಲ್ಲಿ ಒಂದು ಸ್ಟೂಲು, ಅದರ ಮೇಲೆ ಹಳೆಯ ಪತ್ರಿಕೆ, ಕಾಕಾನ ಹೆಗಲಿಗೆ ಅದಕ್ಕೆಂದೇ ಮೀಸಲಾದ ಹರಕು ಪಂಚೆ. ತಪಾಸಣೆ ಮುಗಿದ ಮೇಲೆ ಕೈಕಾಲು ತೊಳೆದುಕೊಂಡೇ ಹೊಸ್ತಿಲು ದಾಟಬೇಕು. ಬಂದವರು ತಮ್ಮ ಪೈಪಿನ ಹೊಗಳಿಕೆ ಶುರು ಮಾಡಿದರೆ ಕಾಕಾ ಕೈ ಎತ್ತಿ ತಡೆಯುತ್ತಿದ್ದರು.

“ಹೆಸರ ಹೇಳಬ್ಯಾಡ್ರಿ. ಹೆಸರ ಕಡೀಕ ನೋಡೋಣು.”

ಅದು ಅವರ ಮೊದಲ ಪಾಠ. ತಯಾರಿಸಿದವರ ಹೆಸರು ಓದಿದ ಮೇಲೆ ಕಣ್ಣು ತನಗೆ ಬೇಕಾದ್ದನ್ನೇ ಕಾಣುತ್ತದೆ, ಆದ್ದರಿಂದ ಆ ಹೆಸರಿನ ಮುದ್ರೆಯ ಮೇಲೆ ಹೆಬ್ಬೆರಳು ಇಟ್ಟುಕೊಂಡೇ ಉಳಿದದ್ದನ್ನು ನೋಡಬೇಕು. ಮೊದಲು ಅಂಗೈಯಲ್ಲಿ ತೂಗುವುದು. ಆಮೇಲೆ ಕಟ್ಟಿಗೆಯ ಎಳೆ. ಒಳ್ಳೆಯ ಪೈಪು ಒಂದು ಬಗೆಯ ಪೊದೆಗಿಡದ ಬೇರಿನ ಗಂಟಿನಿಂದ ಆಗುತ್ತದೆ. ಅದರಲ್ಲಿ ಹುಳುಕು ಇದ್ದರೆ ಪುಟ್ಟಿ ತುಂಬಿ ಬಣ್ಣ ಬಳಿದಿರುತ್ತಾರೆ, ಅದನ್ನು ಬಿಸಿಲಿಗೆ ಹಿಡಿದು ಹುಡುಕಬೇಕು. ಬಟ್ಟಲಿನ ತಳದಲ್ಲಿ ಹೊಗೆಯ ತೂತು ಸರಿಯಾಗಿ ನಡುವೆ ಬಂದಿದೆಯೇ. ಕಟ್ಟಿಗೆಗೂ ಕೊಳವೆಗೂ ಕೂಡುವಲ್ಲಿ ಬೆಳಕು ಹಾಯುತ್ತದೆಯೇ. ಕೊಳವೆ ಉಜ್ಜಿದರೆ ಗಂಧಕ ಬರುತ್ತದೆಯೇ. ಎಲ್ಲ ಆದ ಮೇಲೆ ಹೆಬ್ಬೆರಳು ತೆಗೆದು ಮುದ್ರೆ. ಅಸಲಿ ಮುದ್ರೆಯನ್ನು ಪಾಲಿಶಿಗೆ ಮೊದಲೇ ಒತ್ತಿರುತ್ತಾರೆ, ಅಕ್ಷರದ ಗುಂಡಿಯೊಳಗೂ ಹೊಳಪು ಇಳಿದಿರುತ್ತದೆ. ಆಮೇಲೆ ಒತ್ತಿದ ಕಳ್ಳ ಮುದ್ರೆ ಪಾಲಿಶನ್ನು ಸೀಳಿಕೊಂಡು ಹೋಗಿರುತ್ತದೆ. ಇಷ್ಟು ಹೇಳುವ ಹೊತ್ತಿಗೆ ಬಂದವರ ಮುಖ ಸಣ್ಣದಾಗಿರುತ್ತಿತ್ತು. ಕಾಕಾನಿಗೆ ಅದರಲ್ಲಿ ಸ್ವಲ್ಪ ಖುಷಿ ಇತ್ತು, ಸುಳ್ಳು ಯಾಕೆ ಹೇಳಲಿ. ಒಳಗೆ ಬರುವಾಗ ಗಂಟಲಲ್ಲಿ ಒಂದು ಭಜನೆ ಗುನುಗುತ್ತಿರುತ್ತಿತ್ತು.

ಇದು ಯಾವ ಊರಿನದು ಎಂದು ಕೇಳಿದರೆ ಮಾತ್ರ ಅವರು ನೇರ ಉತ್ತರ ಕೊಡುತ್ತಿರಲಿಲ್ಲ. “ಬೇರು ಒಂದು ದೇಶದ್ದು, ಕಡದದ್ದು ಇನ್ನೊಂದು ದೇಶದಾಗ, ಸುಟ್ಟದ್ದು ಮುಲುಂಡಿನಾಗ. ನೀವ ಹೇಳ್ರಿ, ಯಾವ ಊರಂತ ಬರಕೋತೀರಿ?” ಎನ್ನುತ್ತಿದ್ದರು. ನಾನು ಗ್ಯಾಲರಿಯ ಸರಳಿಗೆ ಒರಗಿ ನಿಂತು ಇದನ್ನೆಲ್ಲ ಕೇಳುತ್ತಿದ್ದೆ. ಕಾಲೇಜಿನ ಪುಸ್ತಕಕ್ಕಿಂತ ಇದು ಚೆನ್ನಾಗಿರುತ್ತಿತ್ತು.

ನಮ್ಮ ಅಪ್ಪನದು ಠಾಣೆ ಸ್ಟೇಷನ್ನಿನ ಹತ್ತಿರ ಒಂದು ಸಣ್ಣ ಶಾಕಾಹಾರಿ ಹೋಟೆಲು. ಅಲ್ಲಿಗೆ ಮಧ್ಯಾಹ್ನದ ಗಿರಾಕಿ ಇಳಿದ ಮೇಲೆ ಒಬ್ಬರು ಮುದುಕರು ಬರುತ್ತಿದ್ದರು. ಹಡಗಿನಲ್ಲಿ ಕೆಲಸ ಮಾಡಿದ್ದ ಮರಾಠಿ ಮನುಷ್ಯ. ಅಪ್ಪ ಅವರನ್ನು ಸಾಹೇಬರು ಎನ್ನುತ್ತಿದ್ದ. ಮೂಲೆಯ ಟೇಬಲ್ಲು, ಒಂದು ಕಾಫಿ, ಬಾಯಲ್ಲಿ ಪೈಪು. ಧೂಮಪಾನ ಮಾಡಬಾರದೆಂದು ಅಪ್ಪ ಬೋರ್ಡು ಹಾಕಿದ್ದರಿಂದ ಸಾಹೇಬರು ಅದನ್ನು ಹೊತ್ತಿಸುತ್ತಿರಲಿಲ್ಲ. ಖಾಲಿ ಪೈಪನ್ನೇ ಎಡದವಡೆಯಲ್ಲಿ ಕಚ್ಚಿಕೊಂಡು ಅಪ್ಪನ ಜೊತೆ ಹರಟುತ್ತಿದ್ದರು. ವರ್ಷಗಟ್ಟಲೆ ಹಾಗೆ ಕಚ್ಚಿ ಕಚ್ಚಿ ಕೊಳವೆಯ ಮೇಲೆ ಹಲ್ಲಿನ ಗುಂಡಿ ಬಿದ್ದಿದ್ದವು. ಒಂದು ದಿನ ಅವರು ಪೈಪನ್ನು ಟೇಬಲ್ಲಿನ ಮೇಲೆ ಮರೆತು ಎದ್ದುಹೋದರು. ಮತ್ತೆ ಬರಲಿಲ್ಲ. ಹೋಟೆಲಿನಲ್ಲಿ ಇಟ್ಟರೆ ಕಳೆದುಹೋದೀತೆಂದು ಅಪ್ಪ ಅದನ್ನು ಡೊಂಬಿವಲಿಗೆ ತಂದು, ಡಬ್ಬಿಯಲ್ಲಿ ಹಾಕಿ ಕಪಾಟಿನ ಮೇಲಿಟ್ಟ.

ಕೆಲವು ವಾರ ಕಳೆದು ಅವರ ಮಗ ಹೋಟೆಲಿಗೆ ಬಂದ. ಸಾಹೇಬರು ತೀರಿಕೊಂಡಿದ್ದರು. ಆಸ್ಪತ್ರೆಯಲ್ಲಿ ಮಾತು ತೊದಲುವಾಗಲೂ ಪೈಪು ಎಲ್ಲಿ ಎಂದು ಕೈಸನ್ನೆಯಲ್ಲಿ ಕೇಳುತ್ತಿದ್ದರಂತೆ. ಅಪ್ಪ ಕಣ್ಣೊರೆಸಿಕೊಂಡು, ಭಾನುವಾರ ಮನೆಗೆ ಬಾ, ಊಟ ಮಾಡಿಕೊಂಡು ತೆಗೆದುಕೊಂಡು ಹೋಗು ಎಂದ. ಸತ್ತವರ ವಸ್ತುವನ್ನು ಧೂಳು ಹಿಡಿದ ಹಾಗೆಯೇ ಕೊಡುವುದು ಬೇಡವೆಂದು ಶನಿವಾರ ಸಂಜೆ ಅದನ್ನು ಕಾಕಾನ ಕೈಗಿತ್ತ. ಕಾಕಾ ಸ್ಟೂಲು ಎಳೆದು ಕೂತು, ಹೆಬ್ಬೆರಳಿಟ್ಟು, ತಿರುಗಿಸಿ, ಮೂಸಿ ನೋಡಿದರು. ಆ ದಿನ ಅವರ ಬಾಯಿಂದ ನಾನು ಅಪರೂಪಕ್ಕೆ ಹೊಗಳಿಕೆ ಕೇಳಿದೆ.

“ಚೊಕ್ಕ ಮಾಲ್ ಅದ ಮಾಲಕರ. ಪುಟ್ಟಿ ಇಲ್ಲ, ಮೋಸ ಇಲ್ಲ. ಹಲ್ಲು ಮಾತ್ರ ಭಾಳ ಊರ್ಯಾನ ಮನಷ್ಯಾ. ಇದರಾಗ ಅಂವಾ ಇನ್ನೂ ಕೂತಾನ ನೋಡ್ರಿ.”

ಬಟ್ಟಲಿನ ಬೂದಿ ತೆಗೆದು, ಒರೆಸಿ, ರಾತ್ರಿ ಗ್ಯಾಲರಿಯ ಸ್ಟೂಲಿನ ಮೇಲೆಯೇ ಬಟ್ಟೆ ಮುಚ್ಚಿ ಇಟ್ಟರು.

ಮರುದಿನ ಸಾಹೇಬರ ಮಗ ಬಂದ, ನಮ್ಮಲ್ಲಿ ಊಟ ಮಾಡಿದ. ಎದುರಿಗೆ ಅಪ್ಪ, ಅಮ್ಮ, ನಾನು. ಕಾಕಾ ಪೈಪನ್ನು ಮುಚ್ಚಿದ್ದ ಬಟ್ಟೆಯಲ್ಲೇ ಸುತ್ತಿ ತಂದು ಅವನ ಕೈಗೆ ಕೊಟ್ಟರು. ಅವನು ಬಿಚ್ಚಿದ. ಅವನ ಹೆಬ್ಬೆರಳು ತಾನಾಗಿಯೇ ಕೊಳವೆಯ ತುದಿಗೆ ಹೋಯಿತು, ಅಲ್ಲಿ ಏನನ್ನೋ ಹುಡುಕಿತು, ಸಿಗದೆ ಮತ್ತೆ ಹುಡುಕಿತು. ನಾನೂ ಬಗ್ಗಿ ನೋಡಿದೆ. ಹಲ್ಲಿನ ಗುಂಡಿಗಳು ಇರಲಿಲ್ಲ. ಕಪ್ಪಗೆ ಮಿರುಗುತ್ತಿದ್ದ ಕೊಳವೆ ಕಂದಾಗಿ ಮಂಕು ಹಿಡಿದಿತ್ತು.

“ಹಾ ಬಾಬಾಂಚಾ ಪೈಪ್ ನಾಹೀ,” ಎಂದ ಅವನು. ಇದು ನನ್ನ ಅಪ್ಪನದಲ್ಲ. ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು. ಹೊಟ್ಟೆ ತುಂಬ ಉಂಡ ಮನೆಯಲ್ಲಿ ಹೇಗೆ ಬೈಯುವುದು ಎಂಬ ಮುಜುಗರ ಅವನ ಮುಖದಲ್ಲಿತ್ತು, ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು.

ಕಾಕಾ ಅದನ್ನು ಕಿತ್ತುಕೊಂಡು ಕಿಟಕಿಗೆ ಹೋದರು. ಬೆಳಕಿಗೆ ಹಿಡಿದರು, ಉಜ್ಜಿದರು, ಮೂಸಿದರು. ಗಂಧಕದ ವಾಸನೆ ನಿನ್ನೆಗಿಂತ ಜೋರಾಗಿತ್ತು, ಈಗ ತಾನೇ ಹೊಸದಾಗಿ ಮಾಡಿದ ಹಾಗೆ. ಆಗ ಅವರು ಸುಮ್ಮನಿರಬಹುದಿತ್ತು. ಏನೋ ಆಗಿದೆ, ನೋಡೋಣ ಎನ್ನಬಹುದಿತ್ತು. ಯಾರ ಮನೆಯಲ್ಲಿ ರಾತ್ರಿಯೆಲ್ಲ ಪೈಪು ಇತ್ತೋ ಅವರೇ ತಮ್ಮ ಬಾಯಿಂದ ತೀರ್ಪು ಕೊಟ್ಟರು.

“ಕಟಗಿ ಅದ. ಮುದ್ರಿ ಅದ. ಕೊಳವಿ ಬದಲಾಗೇದ.”

ಆ ಮಾತಿನ ಅರ್ಥ ಹೇಳಿದವರಿಗೂ ಆಮೇಲೆ ಹೊಳೆಯಿತೇನೋ. ಕೂಡಿಕೆಯನ್ನು ಮತ್ತೆ ಮತ್ತೆ ಬಿಚ್ಚಿ ಹಾಕಿ ನೋಡಿದರು. “ಬೆಳಕ ಹಾಯವಲ್ತು… ಮತ್ತೊಂದು ಕೊಳವಿ ಹಿಂಗ ಕೂಡೂದಿಲ್ಲ…” ಎಂದು ತಮ್ಮಷ್ಟಕ್ಕೆ ಗೊಣಗಿದರು. ಮಗ ಪೈಪನ್ನು ಅವರ ಕೈಯಿಂದ ತೆಗೆದುಕೊಂಡರೂ ಬ್ಯಾಗಿಗೆ ಹಾಕಿಕೊಳ್ಳದೆ ಟೀಪಾಯಿಯ ಮೇಲೆ ಇಟ್ಟು, ಅಮ್ಮನಿಗೆ ನಮಸ್ಕಾರ ಮಾಡಿ ಹೊರಟುಹೋದ.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಕಸಿವಿಸಿಯಾಗುತ್ತದೆ. ಅನುಮಾನ ಎಂಬುದು ಒಬ್ಬರ ಮನೆಯಲ್ಲಿ ಇದ್ದಾಗ ತಮಾಷೆ. ಬಿಲ್ಡಿಂಗಿಗೆಲ್ಲ ಬಂದಾಗ ಅಲ್ಲ. ಸತ್ತವನ ಮಗ ನಮ್ಮ ಅಪ್ಪನನ್ನು ಅನುಮಾನಿಸಿದ. ಅಪ್ಪ ಕಾಕಾನನ್ನು ಅನುಮಾನಿಸಿದ. ಕೆಳಗಿನ ಮನೆಯವರು ಜಿನೆಯಲ್ಲಿ ನಿಂತು “ತಾ ಕಳ್ಳ ಪರರ ನಂಬ ಅಂತಾರಲ್ಲ,” ಎಂದು ನಕ್ಕದ್ದನ್ನು ನಾನೇ ಕೇಳಿದೆ. ಅವರ ಬೆಳ್ಳಿ ತಟ್ಟೆಗೆ ಬರೀ ಬೆಳ್ಳಿಯ ಲೇಪ ಎಂದು ಕಾಕಾ ಹಿಂದೊಮ್ಮೆ ಹೇಳಿದ್ದರು, ಆ ಸಿಟ್ಟು ಅವರಿಗೆ. ನನಗೂ ಅವರ ಮೇಲೆ ಸಿಟ್ಟು ಬಂತು. ಅಪ್ಪನ ಮೇಲೆ ಬಂದದ್ದು ಅದಕ್ಕಿಂತ ಹೆಚ್ಚು.

“ಅವರ ಹತ್ರ ಅಂಥ ಕೊಳವೆ ಎಷ್ಟು ಉಂಟೋ ಯಾರಿಗೆ ಗೊತ್ತು,” ಎಂದ ಅಪ್ಪ ಒಂದು ಸಂಜೆ. “ಹುಚ್ಚು ಇದ್ದವರಿಗೆ ಆಸೆ ಆಗುವುದಿಲ್ವಾ? ಒಳ್ಳೆ ಮಾಲು ಅಂತ ಅವರೇ ಹೇಳಿದ್ದಲ್ವಾ? ಆ ಹುಡುಗನ ಕಣ್ಣಲ್ಲಿ ನಾನು ಕಳ್ಳ ಆದೆ.”

ಅಮ್ಮ ತುಳುವಿನಲ್ಲಿ ಗದರಿ ಸುಮ್ಮನಾಗಿಸಿದಳು, ಗೋಡೆಯ ಕಡೆ ಕಣ್ಣು ತೋರಿಸಿ. ಆದರೆ ಅಪ್ಪ ಅಂದದ್ದು ಕನ್ನಡದಲ್ಲಿ. ಸಿಟ್ಟು ಬಂದಾಗ ಅವನಿಗೆ ಹೋಟೆಲಿನ ಭಾಷೆಯೇ ಬರುತ್ತಿತ್ತು. ಗೋಡೆಯಾಚೆ ಅದುವರೆಗೆ ಕೇಳುತ್ತಿದ್ದ ರೇಡಿಯೋ ನಿಂತಿತು. ಮರುದಿನದಿಂದ ಹಗಲೆಲ್ಲ ತೆರೆದಿರುತ್ತಿದ್ದ ಅವರ ಬಾಗಿಲು ಮುಚ್ಚಿತು.

ಅಮ್ಮ ಅವರ ಮನೆಯ ಪಾತ್ರೆ ಹಿಂದಿರುಗಿಸಲು ನನ್ನನ್ನು ಕಳಿಸಿದಳು. ಖಾಲಿ ಪಾತ್ರೆ ಕೊಡಬಾರದೆಂದು ಒಂದಿಷ್ಟು ಪತ್ರೊಡೆ ಹಾಕಿದ್ದಳು. ಅದು ಅವಳ ಕ್ಷಮಾಪಣೆ. ಕಾಕಾ ಒಳಗಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದರು. ಕಾಕೂ ಅಡುಗೆಮನೆಯಲ್ಲಿ ಒಣಗಿದ ಸಂಡಿಗೆ ಡಬ್ಬಿಗೆ ತುಂಬುತ್ತಿದ್ದರು.

“ಸರಿಯಾಗಿ ಉಣವಲ್ಲರವಾ,” ಎಂದರು ತಗ್ಗಿದ ದನಿಯಲ್ಲಿ. “ಕೇಳಿದ್ರ ಹೇಳವಲ್ಲರು. ನಿಮ್ಮಪ್ಪ ಏನರ ಅಂದ್ರೇನ?”

ಕಾಕಾ ತಮ್ಮ ಹೆಂಡತಿಗೆ ಏನನ್ನೂ ಹೇಳಿರಲಿಲ್ಲವೆಂದು ಆಗ ತಿಳಿಯಿತು. ಕಳ್ಳನೆನಿಸಿಕೊಂಡೆ ಎಂದು ಯಾವ ಬಾಯಲ್ಲಿ ಹೇಳುವುದು. ನಾನು ಹೇಗೋ ತಡವರಿಸಿ, ಆ ಪೈಪಿನ ಕೊಳವೆ ರಾತ್ರಿಯಲ್ಲಿ ಯಾರೋ ಬದಲಾಯಿಸಿದ್ದಾರಂತೆ, ಹಲ್ಲಿನ ಗುರುತು ಇಲ್ಲವಂತೆ, ಬಣ್ಣವೂ ಹೋಗಿದೆಯಂತೆ ಎಂದೆ. ಕಾಕೂವಿನ ಕೈಯಲ್ಲಿದ್ದ ಸಂಡಿಗೆ ಡಬ್ಬಿಗೆ ಬೀಳಲಿಲ್ಲ.

“ಬಣ್ಣ ಹೋಗಿರಬೇಕು ಮತ್ತ. ನಾ ಅದರ ಮ್ಯಾಲ ಕುದಿನೀರು ಹಾಕಿದ್ನೆಲ್ಲ.”

ಬೇಸಿಗೆ ಅದು. ಗ್ಯಾಲರಿಯಲ್ಲಿ ಸಂಡಿಗೆ ಒಣಹಾಕುವ ದಿನ. ಬೆಳಿಗ್ಗೆ ಎದ್ದು ನೋಡಿದರೆ ಸತ್ತವನ ಬಾಯಿಯ ಎಂಜಲು ಸಂಡಿಗೆಯ ಜಾಗದಲ್ಲಿ ಕೂತಿದೆ. ಗಂಡ ಸ್ನಾನಕ್ಕೆ ಹೋದಾಗ ಕಾಕೂ ಚಿಮಟದಲ್ಲಿ ಅದನ್ನು ಎತ್ತಿ, ಕಟ್ಟಿಗೆ ನೆನೆಯದ ಹಾಗೆ, ಬಾಯಿಗಿಡುವ ಭಾಗಕ್ಕಷ್ಟೇ ಸಂಡಿಗೆ ಹಿಟ್ಟಿಗೆ ಕುದಿಸಿದ್ದ ನೀರನ್ನು ಮತ್ತೆ ಮತ್ತೆ ಹಾಕಿ ಶುದ್ಧ ಮಾಡಿ, ಮೊದಲಿನಂತೆಯೇ ಬಟ್ಟೆ ಮುಚ್ಚಿ ಇಟ್ಟಿದ್ದರು. ತೊಳೆದೆ ಎನ್ನುವುದು ಅವರಿಗೆ ಹೇಳಬೇಕಾದ ಸಂಗತಿಯೇ ಆಗಿರಲಿಲ್ಲ. ಆ ಮನೆಯಲ್ಲಿ ತೊಳೆಯದೆ ಇದ್ದರೆ ಅದು ಸುದ್ದಿ.

ಬಾಗಿಲಲ್ಲಿ ಕಾಕಾ ನಿಂತಿದ್ದರು. ಯಾವಾಗ ಎದ್ದು ಬಂದರೋ.

“ಎಷ್ಟು ಬಿಸಿ ಇತ್ತು?”

“ಕುದೀತಿತ್ತು ಅಂದೆ ಅಲ್ಲ.”

ಅವರು ಹಾಗೆಯೇ ಹೊಸ್ತಿಲ ಮೇಲೆ ಕೂತರು. ಎಬೊನೈಟು ಕಾದರೆ ತನ್ನ ಹುಟ್ಟಿದ ಆಕಾರಕ್ಕೆ ಮರಳುತ್ತದೆ, ಒತ್ತು ಬಿದ್ದ ಗುಂಡಿ ತಾನಾಗಿ ಮೇಲೇಳುತ್ತದೆ ಎಂದು ಅವರು ಎಂದೋ ಪುಸ್ತಕದಲ್ಲಿ ಓದಿದ್ದರಂತೆ. ಕಣ್ಣಾರೆ ಕಂಡಿರಲಿಲ್ಲ. ಕಾಣುವುದಾದರೂ ಹೇಗೆ? ಅದಕ್ಕೆ ಯಾರಾದರೂ ಕಚ್ಚಬೇಕಲ್ಲ. ಅವರಿಗೆ ಪೈಪು ಅಂದರೆ ಕಟ್ಟಿಗೆ, ಮುದ್ರೆ, ಕೂಡಿಕೆ. ಬಾಯಿಯ ಕಡೆಯಿಂದ ಅವರು ಪೈಪನ್ನು ಯೋಚಿಸಿಯೇ ಇರಲಿಲ್ಲ.

“ಈಗ ಎಲ್ಲರಿಗೂ ಹೇಳಿಬಿಡಿ ಕಾಕಾ,” ಎಂದೆ ನಾನು.

“ಹೇಳಿದ್ರ ಯಾರು ನಂಬತಾರವಾ? ನಾನಾಗಿದ್ರ ನಂಬತಿದ್ನೇನು?”

ಅಪ್ಪನ ಮೂಲಕವೇ ಸಾಹೇಬರ ಮಗನಿಗೆ ಫೋನು ಹೋಯಿತು. ಒಂದು ಮಧ್ಯಾಹ್ನ ಕಾಲೇಜಿಗೆ ರಜೆ ಹಾಕಿ ನಾನೂ ಕಾಕಾನ ಜೊತೆ ಠಾಣೆಗೆ ಹೊರಟೆ. ಸ್ಲೋ ಲೋಕಲಿನಲ್ಲಿ ಜಾಗ ಸಿಕ್ಕರೂ ಅವರು ಕೂರಲಿಲ್ಲ. ಕೈಚೀಲದಲ್ಲಿ ಸಾಹೇಬರ ಪೈಪು, ಅಂಗಿಯ ಜೇಬಿನಲ್ಲಿ ಅವರ ಸ್ವಂತ ಪೈಪು. ಇಂಜಿನಿಯರ್ ಕೊಟ್ಟದ್ದು, ಒಂದು ಗೀರೂ ಇಲ್ಲದ್ದು, ಯಾರ ತುಟಿಯೂ ತಾಗದ್ದು. ಮನೆಯಲ್ಲಿ ಮೊದಲೇ ಒಮ್ಮೆ ಕುದಿನೀರಿಗೆ ಹಾಕಿ ನೋಡಿದಿರಾ ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದರು. ಒಮ್ಮೆ ಕಾದು ಎದ್ದದ್ದು ಎರಡನೆಯ ಸಲ ಹಾಗೆಯೇ ಏಳುತ್ತದೆಂದು ಅವರಿಗೆ ಭರವಸೆ ಇರಲಿಲ್ಲ, ಇದ್ದದ್ದು ಒಂದೇ ಪೈಪು.

“ಏಳದಿದ್ದರೆ?”

“ಏಳದಿದ್ರ ನಾ ಕಳ್ಳ,” ಎಂದರು. ಮುಂಬ್ರಾದ ಗುಡ್ಡ ಕಳೆದು ಗಾಡಿ ಖಾಡಿಯ ಸೇತುವೆ ದಾಟುವವರೆಗೂ ಜೇಬಿನ ಮೇಲಿಂದ ಕೈ ತೆಗೆಯಲಿಲ್ಲ.

ಮೂಲೆಯ ಟೇಬಲ್ಲಿನಲ್ಲಿ ಮಗ ಕೂತಿದ್ದ. ಅವನ ಮುಖದಲ್ಲಿ ಈಗ ಮುಜುಗರ ಇರಲಿಲ್ಲ, ಬರೀ ಅನುಮಾನ. ಅಪ್ಪ ಗಲ್ಲಾ ಬಿಟ್ಟು ಬಂದು ನಿಂತ. ಕಾಕಾ ಕಾಫಿ ಮಾಡುವಲ್ಲಿಂದ ಒಂದು ಸ್ಟೀಲ್ ಗ್ಲಾಸಿನಲ್ಲಿ ಕುದಿಯುವ ನೀರು ತರಿಸಿಟ್ಟುಕೊಂಡು, ತಮ್ಮ ಪೈಪನ್ನು ಮಗನ ಕೈಗೆ ಕೊಟ್ಟು ಎಲ್ಲ ಕಡೆ ನೋಡಿಕೊಳ್ಳಲು ಹೇಳಿದರು. ಆಮೇಲೆ ಅದನ್ನು ವಾಪಸು ಪಡೆದು, ಒಂದು ಗಳಿಗೆ ಕಣ್ಣು ಮುಚ್ಚಿ, ಎಡದವಡೆಯಲ್ಲಿಟ್ಟು ಕಚ್ಚಿದರು.

ನಾನು ಅವರ ಮುಖ ನೋಡಲಾರದೆ ಟೇಬಲ್ಲಿನ ಕಲ್ಲನ್ನು ನೋಡಿದೆ. ಇಷ್ಟು ವರ್ಷ ಎಂಜಲೆಂದು ಹೊಸ್ತಿಲಾಚೆ ಇಟ್ಟದ್ದನ್ನು ಊರ ಜನರೆದುರು ಬಾಯಲ್ಲಿಟ್ಟುಕೊಂಡ ಮನುಷ್ಯ. ಕುತ್ತಿಗೆಯ ನರ ಎದ್ದಿತ್ತು. ಪಕ್ಕದ ಟೇಬಲ್ಲಿನವರು ಇಡ್ಲಿ ಬಿಟ್ಟು ನೋಡುತ್ತಿದ್ದರು. ಕಾಕಾ ಪೈಪು ತೆಗೆದು, ಪಂಚೆಯಲ್ಲಿ ಒರೆಸಿ, ಮಗನ ಉಗುರನ್ನು ಹಿಡಿದು ಆ ಗುಂಡಿಗಳ ಮೇಲೆ ಆಡಿಸಿದರು. ಇವೆಯಲ್ಲ? ಇವೆ. ಆಮೇಲೆ ಕೊಳವೆಯನ್ನು ಕಟ್ಟಿಗೆಯಿಂದ ಬಿಡಿಸಿ ನೀರಿಗೆ ಹಾಕಿದರು.

ಕಾದೆವು. ನೀರಿನ ಹಬೆಯೊಂದಿಗೆ ಗಂಧಕದ ವಾಸನೆ ಎದ್ದಿತು. ಅಪ್ಪನ ಬಾಯಿ ಏನೋ ಮಣಮಣ ಎನ್ನುತ್ತಿತ್ತು, ಯಾವ ದೇವರ ಹೆಸರೋ. ಕಾಕಾ ಚಮಚದಿಂದ ಎತ್ತಿ ನೋಡಿ, ಮತ್ತೆ ಬಿಟ್ಟು, ಇನ್ನಷ್ಟು ಬಿಸಿ ನೀರು ಕೇಳಿದರು. ಕೊನೆಗೆ ತೆಗೆದು ಒರೆಸಿ ಮಗನ ಮುಂದೆ ಇಟ್ಟರು. ಕಪ್ಪು ಹೋಗಿ ಕಂದು ಬಂದಿತ್ತು. ಗುಂಡಿಗಳು ಇರಲಿಲ್ಲ. ಒಂದು ಕಡೆ ಕೋರೆಹಲ್ಲು ತಾಗಿ ಕೂದಲೆಳೆಯಷ್ಟು ಸೀಳಿದ್ದು ಮಾತ್ರ ಹಾಗೆಯೇ ಉಳಿದಿತ್ತು.

“ಒತ್ತಿದ್ದು ಏಳತದ. ಕಡದದ್ದು ಏಳಂಗಿಲ್ಲ,” ಎಂದರು ಕಾಕಾ ಹಿಂದಿಯಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ. “ನಮ್ಮ ಮನ್ಯಾಗ ಬಿಸಿನೀರು ಬಿತ್ತು. ತಪ್ಪು ನಮ್ಮದ. ಕಳವು ಅಲ್ಲ.” ಯಾರು ಹಾಕಿದರೆಂದು ಅವರು ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.

ಮಗ ಎರಡು ಕೊಳವೆಗಳನ್ನೂ ಪಕ್ಕ ಪಕ್ಕ ಹಿಡಿದು ತುಂಬ ಹೊತ್ತು ನೋಡಿದ. ಅವನು ನಂಬಿದ ಎಂದು ನನಗೆ ಗೊತ್ತಾದದ್ದು ಅವನ ಕಣ್ಣು ತುಂಬಿದಾಗ. “ಮಗ ಬಾಬಾಂಚೇ ದಾತ್ ಗೇಲೇ,” ಎಂದ. ಹಾಗಾದರೆ ಅಪ್ಪನ ಹಲ್ಲು ಹೋದವು. ಅದುವರೆಗೆ ಅವನಿಗೆ ಒಂದು ಆಸೆ ಇತ್ತಲ್ಲ, ಕಳವಾದ ಕೊಳವೆ ಎಲ್ಲೋ ಇದೆ, ಒಂದಲ್ಲ ಒಂದು ದಿನ ಸಿಗುತ್ತದೆ ಎಂದು. ನಾವು ನಿರಪರಾಧಿಗಳೆಂದು ಸಾಬೀತಾದ ಗಳಿಗೆಯಲ್ಲೇ ಆ ಆಸೆಯೂ ಹೋಯಿತು. ಕಾಕಾ ಅವನ ಮುಂದೆ ಕೈಮುಗಿದರು. ಅವನು ಆ ಕೈಗಳನ್ನು ಬಿಡಿಸಿ, ಸಾಹೇಬರ ಪೈಪನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ಕಾಫಿ ಕುಡಿಯದೆ ಎದ್ದುಹೋದ. ಮತ್ತೆ ಅವನು ಆ ಹೋಟೆಲಿಗೆ ಬಂದದ್ದು ನನಗೆ ನೆನಪಿಲ್ಲ.

“ರಾಯರೇ, ನನ್ನಿಂದ ತಪ್ಪಾಯ್ತು,” ಎಂದ ಅಪ್ಪ ಕಾಕಾನಿಗೆ, ಅವನು ಹೋದ ಮೇಲೆ.

“ಸಂಶೆ ಪಟ್ಟಿದ್ದಕ್ಕ ಬ್ಯಾಸರಿಲ್ಲ ಮಾಲಕರ. ನಾನೂ ಪಡತಿದ್ದೆ. ಮುಂದ ಕುಂತು ಕೇಳಬೇಕಿತ್ತು ನೀವು. ಗ್ವಾಡಿ ಹಿಂದಿಂದ ಕೇಳೂಹಂಗಾತು.”

ಅವರಿಬ್ಬರೂ ಆಮೇಲೆ ಮಾತು ಬಿಡಲಿಲ್ಲ, ಹಬ್ಬಕ್ಕೆ ಹೋಳಿಗೆ ಇತ್ತ, ಕಡುಬು ಅತ್ತ, ಎಲ್ಲ ನಡೆಯಿತು. ಆದರೆ ಕಾಕಾ ಪೈಪು ನೋಡುವುದನ್ನು ಬಿಟ್ಟರು. ಮಹಡಿ ಹತ್ತಿ ಬಂದವರಿಗೆ ಕಣ್ಣು ಮಂದವಾಗಿದೆ ಎಂದು ಹೇಳಿ ಕಳಿಸುವರು. ಬರಬರುತ್ತ ಮಾವನ್ನೂ ಮೂಸಲಿಲ್ಲ, ಹಾಲಿಗೂ ಬೆರಳದ್ದಲಿಲ್ಲ. ಕಾಕೂ ಸಮಾಧಾನಪಟ್ಟರು. ನನಗೆ ಮಾತ್ರ ಅದು ಸೇರಲಿಲ್ಲ. ನನ್ನನ್ನು ನೋಡಲು ವರ ಬಂದ ದಿನ ಕಾಕಾ ಜಿನೆಯಲ್ಲಿ ನಿಂತಿರಲಿಲ್ಲ. ಎಲ್ಲರ ಮುಂದೆ ಸೀರೆ ಉಟ್ಟು ಕೂತ ನಾನು ಅವನ ಬೂಟಿನ ಹಿಮ್ಮಡಿ ನೋಡಲು ನನ್ನಷ್ಟಕ್ಕೆ ಪ್ರಯತ್ನಪಟ್ಟೆ, ಕಾಣಲಿಲ್ಲ. ಅಂದು ಅವರು ಅಲ್ಲಿ ನಿಂತಿರಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ…

ಕಾಕಾ ಹೋದ ಮೇಲೆ ಕಾಕೂ ಮನೆ ಖಾಲಿ ಮಾಡಿ ಮಗಳ ಊರಿಗೆ ಹೊರಟರು. ಸಾಮಾನು ಕಟ್ಟುವ ದಿನ ನಾನು ನವಿ ಮುಂಬಯಿಯಿಂದ ಹೋಗಿದ್ದೆ. ಪಾತ್ರೆ, ಪಡಗ, ದೇವರ ಪೀಠ, ಕೊನೆಗೆ ಹಳೆಯ ಬಾಗಿಲ ಚಿಲಕವನ್ನೂ ಅವರು ತೊಳೆದು ಕಟ್ಟುತ್ತಿದ್ದರು. ಎಲ್ಲ ಮುಗಿದ ಮೇಲೆ ದೇವರ ಕೋಣೆಯ ಕಡೆ ಹೋಗಿ, ಕಾಕಾನ ಆ ಹರಕು ಪಂಚೆಯ ತುಂಡಿನಲ್ಲಿ ಸುತ್ತಿದ್ದ ಅವರ ಪೈಪಿನ ಗಂಟನ್ನು ತಂದು ನನ್ನ ಕೈಗಿಟ್ಟರು. ಗ್ಯಾಲರಿಯಿಂದ ಅದು ಅಲ್ಲಿಯ ತನಕ ಹೇಗೆ ಬಂತೋ, ನಾನು ಕೇಳಲಿಲ್ಲ.

“ನಿನ್ನ ಹತ್ರ ಇರಲಿ,” ಎಂದರು. ಸ್ವಲ್ಪ ತಡೆದು, “ತೊಳದಿಲ್ಲ ಇದನ್ನ,” ಎಂದರು.

ಮೊನ್ನೆ ಸಂಜೆ ಆಫೀಸಿನಿಂದ ಬಂದವಳೇ ಆ ಗಂಟನ್ನು ಬಿಚ್ಚಿದೆ. ಹೆಸರನ್ನು ಹೆಬ್ಬೆರಳಿನಿಂದ ಮುಚ್ಚಿ ಬೆಳಕಿಗೆ ಹಿಡಿದೆ. ಕೊಳವೆ ಉಜ್ಜಿದೆ. ವಾಸನೆ ಬಂತು. ಇಷ್ಟು ವರ್ಷದಲ್ಲಿ ಕ್ಷೀಣಿಸಿದೆ, ಆದರೆ ಇದೆ. 

ಕೆಲಸದವಳು ಪಕ್ಕಕ್ಕೆ ಬಂದು ನಿಂತು, “ದೀದೀ, ಧೋ ದೂಂ ಕ್ಯಾ?” ಎಂದಳು. ತೊಳೆಯುವುದು ಬೇಡ ಎಂದೆ. ನನ್ನ ದನಿ ಜೋರಾಯಿತೇನೋ, ಅವಳು ಬೆಚ್ಚಿ ಹಿಂದೆ ಸರಿದಳು. ಅವಳು ಅಡುಗೆಮನೆಗೆ ಹೋಗುವ ತನಕ ಕಾದು, ಉಗುರಿನಿಂದ ಕೊಳವೆಯ ತುದಿಯನ್ನು ಮೆಲ್ಲಗೆ ತಡವಿದೆ. ಎಡಗಡೆ, ಕೂದಲೆಳೆಯಷ್ಟು ಅಗಲದ ಆ ಸೀಳು ಉಗುರಿಗೆ ಸಿಕ್ಕಿತು. ಒಂದು ಮಧ್ಯಾಹ್ನ, ಒಂದೇ ಒಂದು ಸಲ, ನಮ್ಮ ಅಪ್ಪ ನಂಬಲಿ ಎಂದು ಕಾಕಾ ಕಚ್ಚಿದ್ದು. ಅವರದೆಂದು ನನ್ನ ಬಳಿ ಉಳಿದಿರುವುದು ಅಷ್ಟೇ.